ಬಾವುಟದ ಇಟ್ಟಿಗೆ ಬಣ್ಣದ ಅಂಚು

ಜಿಗಣಿಯ ಕಾರ್ಖಾನೆಗಳ ಆಚೆಗಿರುವ ನಮ್ಮ ಊರು ನಗರಸಭೆಯಾದಾಗ, ಅದಕ್ಕೊಂದು ಅಧಿಕೃತ ಬಾವುಟ ಬೇಕೆಂದು ಅಧ್ಯಕ್ಷರಿಗೆ ಅನಿಸಿತು. ಬಸ್ ನಿಲ್ದಾಣದ ಎದುರು ನನ್ನದೊಂದು ಬೋರ್ಡು ಬರೆಯುವ ಅಂಗಡಿ. ಬ್ರಷ್ ಬಿಟ್ಟು ಕಂಪ್ಯೂಟರ್ ಹಿಡಿದು ಬಹಳ ವರ್ಷಗಳಾಗಿದ್ದವು. ಊರಿನ ಅರ್ಧ ಫ್ಲೆಕ್ಸುಗಳು ನನ್ನವೇ ಆದ್ದರಿಂದ ಬಾವುಟ ಬಿಡಿಸುವ ಕೆಲಸವೂ ನನಗೇ ಬಂತು.

"ರಾಗಿ ತೆನೆ ಇರ್ಬೇಕು, ಕೆರೆ ಇರ್ಬೇಕು, ಫ್ಯಾಕ್ಟ್ರಿದೊಂದು ಚಕ್ರ ಇರ್ಬೇಕು. ಮಿಕ್ಕಿದ್ದು ನಿನ್ನಿಷ್ಟ, ಎಂಗಾದ್ರೂ ಆಕು," ಎಂದರು ಅಧ್ಯಕ್ಷರು. ಅವರದು ರಾಗಿ ಬೆಳೆದ ಮನೆತನ. ಆ ಹೊಲದಲ್ಲೀಗ ಸಾಲುಸಾಲು ಬಾಡಿಗೆ ಕೋಣೆಗಳಿವೆ.

ಹಳದಿ ನೆಲ, ಕೆಳಗೆ ಕೆರೆಯ ನೀಲಿ ಪಟ್ಟಿ, ನಡುವೆ ಹಲ್ಲಿನ ಚಕ್ರ, ಅದರೊಳಗೆ ಮುಷ್ಟಿ ಕಟ್ಟಿದಂತಹ ರಾಗಿ ತೆನೆ. ಎಲ್ಲ ಸರಿಯಿತ್ತು, ಆದರೆ ಹಳದಿ ಮಾತ್ರ ಚೆಲ್ಲಿಹೋದಂತೆ ಕಾಣುತ್ತಿತ್ತು. ಹಾಗಾಗಿ ಸುತ್ತಲೂ ಇಟ್ಟಿಗೆ ಬಣ್ಣದ ಸಣ್ಣ ಸಣ್ಣ ಚೌಕಗಳ ಅಂಚು ಕೊಟ್ಟೆ. ಅದಕ್ಕೆ ಬೇರೆ ಯಾವ ಅರ್ಥವೂ ಇರಲಿಲ್ಲ.

ಮೊದಲ ಬಾವುಟ ಪ್ರಿಂಟ್ ಆಗಬಾರದು, ಬಟ್ಟೆಯಲ್ಲಿ ಹೊಲಿಸಬೇಕು ಎಂಬುದು ಅಧ್ಯಕ್ಷರ ಆಸೆ. ಅವರದೇ ಕೋಣೆಯೊಂದರಲ್ಲಿ ಯಾದಗಿರಿ ಕಡೆಯ ಒಬ್ಬಾಕೆ ರವಿಕೆ ಹೊಲಿಯುತ್ತಿದ್ದರು. ಗಂಡ ಬೆಳ್ಳಂದೂರಿನ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವವನು. ನಾನು ನಕ್ಷೆ ಹಿಡಿದು ಹೋದಾಗ ಸಮಾರಂಭಕ್ಕೆ ನಾಲ್ಕೇ ದಿನ ಉಳಿದಿತ್ತು.

"ಉಳಿದದ್ದೆಲ್ಲಾ ಆಗ್ತದ್ರಿ ಸರ. ಈ ಸಣ್ಣ ಚೌಕ ಬ್ಯಾಡ್ರಿ. ಒಂದೊಂದ್ ಕತ್ತರಿಸಿ ಹಚ್ಚೂದ್ರಾಗ ಕಣ್ಣು ಹೋಗ್ತಾವ. ಸುತ್ತ ಒಂದ ಪಟ್ಟಿ ಹೊಲದುಬಿಡ್ಲೇನ್ರಿ?"

ನನಗೆ ನನ್ನ ಚಿತ್ರ ಕೆಡುವುದು ಬೇಕಿರಲಿಲ್ಲ. ಏನು ಹೇಳಿ ಒಪ್ಪಿಸಲಿ ಎಂದುಕೊಳ್ಳುತ್ತಿರುವಾಗ ಆಕೆಯೇ ಕೇಳಿದರು:

"ತೆನಿ ಊರವ್ರದು, ಚಕ್ರ ಫ್ಯಾಕ್ಟ್ರಿಯವ್ರದು. ಹೊರಗಿಂದ ಬಂದವ್ರದು ಏನರೆ ಅದ ಏನ್ರಿ ಇದ್ರಾಗ?"

ಸುಮ್ಮನೆ ಕೇಳಿದ ಮಾತು. ನಾನು ಮಾತ್ರ ಅದನ್ನು ಹಿಡಿದುಬಿಟ್ಟೆ. "ಈ ಅಂಚೇ ನಿಮ್ದು ಅಕ್ಕ. ಇಟ್ಟಿಗೆ ಅಲ್ವಾ? ಊರು ಕಟ್ಟಿದೋರು ನೀವು. ಅದಕ್ಕೇ ಸುತ್ತಲೂ ಇಟ್ಟಿದ್ದೀನಿ."

ಆಕೆ ಕಾಗದವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಹಂಗಾದ್ರ ಹಚ್ತೀನ್ರಿ," ಎಂದರು.

ಸಮಾರಂಭದ ಹಿಂದಿನ ದಿನ ಬಾವುಟ ಸಿದ್ಧವಾಗಿತ್ತು. ಪ್ರತಿ ಚೌಕದ ಮೂಲೆಯನ್ನೂ ಒಳಗೆ ಮಡಿಸಿ ಹೊಲಿದಿದ್ದರು. ಹಿಂಬದಿಯಲ್ಲೂ ಒಂದು ದಾರ ಸಡಿಲವಿರಲಿಲ್ಲ. ಅಕ್ಕಪಕ್ಕದ ಕೋಣೆಯ ಹೆಂಗಸರು ಬಂದು ಚೌಕ ಕತ್ತರಿಸಿಕೊಟ್ಟರಂತೆ. "ನಮ್ದಂತ ಹೇಳೀನ್ರಿ, ಎಲ್ಲಾರೂ ಕೈ ಹಚ್ಯಾರ," ಎಂದು ನಕ್ಕರು.

ಬಾವುಟದ ಅರ್ಥವಿವರಣೆ ಬರೆದವನೂ ನಾನೇ, ಸಮಾರಂಭದಲ್ಲಿ ಓದಬೇಕಾದವನೂ ನಾನೇ. ಒಂದು ಸಾಲು ಸೇರಿಸಲು ಎರಡು ನಿಮಿಷ ಸಾಕಿತ್ತು. ಅಧ್ಯಕ್ಷರು ಏನೆನ್ನುತ್ತಾರೋ ಎಂಬ ಅಳುಕಿನಲ್ಲಿ ಮುಂದೂಡಿದೆ. ಆಕೆ ಬರಲಾರರು ಎಂದೂ ಅಂದುಕೊಂಡಿದ್ದೆ.

ಬಂದರು. ಸಾಲಿನ ಕೋಣೆಗಳ ಇಪ್ಪತ್ತು ಮಂದಿಯನ್ನು ಕರೆದುಕೊಂಡು, ಇಳಕಲ್ ಸೀರೆ ಉಟ್ಟು ಬಂದರು. ಗಂಡನೂ ಆ ದಿನದ ಕೆಲಸ ಬಿಟ್ಟು ಬಂದಿದ್ದ. ಬಾವುಟ ಏರಿತು. ನಾನು ಮೈಕಿನ ಮುಂದೆ ಹಳದಿಯ ಅರ್ಥ ಓದಿದೆ, ನೀಲಿಯದು ಓದಿದೆ, ಚಕ್ರದ್ದು, ತೆನೆಯದು. ಕಾಗದ ಮುಗಿಯಿತು. ಅವರೆಲ್ಲ ಇನ್ನೂ ಕತ್ತೆತ್ತಿ ಕಾಯುತ್ತಿದ್ದರು. ಬಾಯಿಮಾತಿನಲ್ಲಿ ಹೇಳಿಬಿಡಬಹುದಿತ್ತು. ನಾನು ನೆಲ ನೋಡುತ್ತಾ ಕೆಳಗಿಳಿದೆ.

ಆಕೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಮ್ದು ಓದೂದು ಮರತ್ರೇನ್ರಿ ಸರ?"

"ಹೂಂ ಅಕ್ಕ, ಗಡಿಬಿಡೀಲಿ ಬಿಟ್ಟೋಯ್ತು."

ಆಕೆ ತಿರುಗಿ ತನ್ನವರಿಗೆ, "ಮರತಾರಂತ," ಎಂದರು. ಮೊದಲ ಸುಳ್ಳಿಗಾದರೂ ಕೆಲಸದ ನೆಪವಿತ್ತು. ಈ ಎರಡನೆಯದನ್ನು ನನ್ನ ಮುಖ ಉಳಿಸಿಕೊಳ್ಳಲೆಂದೇ ಹೇಳಿದ್ದೆ.

ಮೂರು ತಿಂಗಳು ಆ ರಸ್ತೆಗೇ ಹೋಗಲಿಲ್ಲ. ಕೊನೆಗೆ ತಡೆಯಲಾರದೆ ಅಧ್ಯಕ್ಷರ ಬಳಿ ಹೋಗಿ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಇಷ್ಟೇನಾ? ಮೊದ್ಲೇ ಏಳ್ಬಾರ್ದೇನಯ್ಯಾ? ನನ್ ರೂಮುಗಳಲ್ಲಿ ಇರೋರೆಲ್ಲಾ ಅವ್ರೇ ತಾನೇ. ಕಛೇರಿ ಗೋಡೆ ಮೇಲೆ ಬರ್ದಾಕು ಓಗು."

ಅವರು ಬೇಡವೆಂದಿದ್ದರೆ ತಪ್ಪನ್ನು ಅವರ ತಲೆಗಾದರೂ ಕಟ್ಟಬಹುದಿತ್ತು. ಅದಕ್ಕೂ ದಾರಿಯಿಲ್ಲವಾಯಿತು. ಸಮಾರಂಭದಲ್ಲಿ ಓದಿದ ಅರ್ಥವನ್ನು ಕಛೇರಿಯ ಗೋಡೆಯ ಮೇಲೆ ಆಗಲೇ ಬರೆಸಿದ್ದರು; ಅಲ್ಲಿ, ತೆನೆಯ ಸಾಲಿನ ಕೆಳಗೆ, ನಾನೇ ಬ್ರಷ್ ಹಿಡಿದು ಬರೆದೆ: 'ಇಟ್ಟಿಗೆಯ ಅಂಚು, ದೂರದಿಂದ ಬಂದು ಊರು ಕಟ್ಟಿದವರು.'

ಆಮೇಲೆ ಆಕೆಯ ಕೋಣೆಗೆ ಹೋದೆ. ಗೋಡೆಯ ವಿಷಯ ಹೇಳಿದೆ. ಮರೆತದ್ದಲ್ಲ, ಮೊದಲಿಗೆ ಆ ಅಂಚಿಗೆ ಅರ್ಥವೇ ಇರಲಿಲ್ಲ, ಕೆಲಸ ಆಗಲೆಂದು ಹೇಳಿದ್ದೆ ಎಂದೂ ಹೇಳಿದೆ. ಆಕೆ ರವಿಕೆಗೆ ಹುಕ್ಕು ಹಾಕುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಗೊತ್ತಾಗಿತ್ರಿ. ಮರತವ್ರು ಹಂಗ ನೆಲಾ ನೋಡಂಗಿಲ್ಲ." ದಾರವನ್ನು ಹಲ್ಲಿನಿಂದ ಕತ್ತರಿಸಿದರು. "ನಮ್ಮವ್ರಿಗೆ ನಾ ಹೇಳಿಲ್ರಿ. ನೀವೂ ಹೇಳಬ್ಯಾಡ್ರಿ."

ಕೂರಿ ಎನ್ನಲಿಲ್ಲ. ಹೊರಗೆ ಬಂದೆ. ಪಕ್ಕದ ಕೋಣೆಯ ಮುದುಕಿ ಗುರುತು ಹಿಡಿದು, "ನಮ್ಮನ್ನ ಬಾವುಟದಾಗ ಹಾಕ್ಯಾರಲ್ಲ, ಅವ್ರ ಅಲ್ಲೇನ್ರಿ ನೀವು?" ಎಂದು ಕೈ ಮುಗಿದು, ಒಳಗಿನಿಂದ ಚಹಾ ತಂದುಕೊಟ್ಟಳು. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ನಿಂತುಕೊಂಡೇ ಪೂರ್ತಿ ಕುಡಿದೆ.