ಹೊತ್ತು ಮುಳುಗುವ ಮುಂಚಿನ ಫೋನು

ಕಾಗವಾಡದ ಹತ್ತಿರದ ಒಂದು ಹಾಲಿನ ಡೇರಿಯಲ್ಲಿ ನನಗೆ ಕೆಲಸ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಕೊಕಟನೂರಿನ ಕಾಂಚನ. ನೋಡಲು ಕಡ್ಡಿಯಂತಿದ್ದಾಳೆ, ಆದರೆ ಹಿಡಿದ ಹಟ ಬಿಡಿಸುವುದು ಹೆತ್ತವರಿಂದಲೂ ಆಗಿಲ್ಲ. "ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ" ಎಂದು ಬಾಯಿ ನೋಯುವಷ್ಟು ಹೇಳುತ್ತಿದ್ದಳು. ನಾವು ಹ್ಞೂಂಗುಟ್ಟಿ ಚಹಾಕ್ಕೆ ಹೋಗುತ್ತಿದ್ದೆವು.

ಕಳೆದ ಡಿಸೆಂಬರಿನಲ್ಲಿ ಮೋಸಹೋದವರು ಹಾಲಿನ ಆವಕ ಬರೆಯುವ ಶ್ರೀಪಾಲ. ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಸಂಜೆ ಐದೂಮುಕ್ಕಾಲಿಗೆ ಡಬ್ಬಿ ಬಿಚ್ಚಿದಾಗ ಫೋನು ಬಂತು. ಹೆಡ್ ಆಫೀಸಿನವನಂತೆ, ಸವಿಸವಿ ಮರಾಠಿ. ಕಂಪ್ಯೂಟರಿನಲ್ಲಿ ಏನೋ ಸರಿಮಾಡಬೇಕು, ಪಾಸ್‌ವರ್ಡ್ ಹೇಳಿದರೆ ಎರಡು ನಿಮಿಷದ ಕೆಲಸ, ಇಲ್ಲದಿದ್ದರೆ ಕತ್ತಲಾಗುವ ತನಕ ಫೋನಿನಲ್ಲೇ ಕೂರಬೇಕು ಎಂದ. ಶ್ರೀಪಾಲ ಕಿಟಕಿಯಾಚೆ ಸೂರ್ಯನನ್ನು ನೋಡಿದರು, ಹೇಳಿಬಿಟ್ಟರು. ಬೆಳಗಾಗುವಷ್ಟರಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಬೀಗ ಬಿದ್ದಿತ್ತು, ಒಂದೂ ತೆರೆಯಲಿಲ್ಲ. ಡೇರಿ ಮೂರು ದಿನ ನಿಂತು, ಎರಡು ಟ್ಯಾಂಕರ್ ಹಾಲು ಹುಳಿಯಾಯಿತು.

ಮ್ಯಾನೇಜರ್ ಬಾಬಾಸಾಹೇಬರು ಶ್ರೀಪಾಲರನ್ನು ಕೆಲಸದಿಂದ ತೆಗೆಯುವ ಪತ್ರ ಬರೆಸಿದರು. ಇಪ್ಪತ್ತೆರಡು ವರ್ಷದ ನೌಕರಿ! ನಮಗೆಲ್ಲ ಸಂಕಟವಾಯಿತು, ಆದರೂ ನಮ್ಮ ನಮ್ಮ ಕೆಲಸ ನೋಡಿಕೊಂಡೆವು. ನಾಚಿಕೆಯಾಗುತ್ತದೆ ಹೇಳಲು. ಎದ್ದು ಬಾಬಾಸಾಹೇಬರ ಹತ್ತಿರ ಹೋದವಳು ಕಾಂಚನ ಒಬ್ಬಳೇ.

"ಸೋಮವಾರ ತನಕ ಸಹಿ ಮಾಡಬ್ಯಾಡ್ರಿ ಸಾಹೇಬ್ರ. ಹೆಂಗ ಮೋಸ ಆತು ಅನ್ನೂದು ಎಲ್ಲಾರ ಮುಂದ ಅವರ ಬಾಯಿಂದನ ಬರಲಿ."

ಸಾಹೇಬರು ಸೋಮವಾರದ ತನಕ ತಡೆಯಲು ಒಪ್ಪಿದರು. ಶ್ರೀಪಾಲ ಮಾತ್ರ ಕಾಂಚನಳಿಗೆ ಕೈಮುಗಿದರು. "ಮಂದಿ ಮುಂದ ನನ್ನ ಮರ್ಯಾದಿ ತಗೀತಿ ಏನ್ ತಂಗಿ?"

"ದಡ್ಡರಂತ ಆ ಫೋನ್ ಮಾಡಿದಾಂವ ನಿಮ್ಮನ್ನ ಆರಿಸಿಲ್ರಿ ಕಾಕಾ. ನಿಮಗ ಅವಸರ ಯಾವಾಗ ಅಂತ ತಿಳಕೊಂಡ ಹೊಡದಾನ. ಅದನ್ನ ಹೇಳ್ರಿ, ಸಾಕು."

ಎರಡು ದಿನ ಬೆನ್ನುಬಿಡದೆ ಅವರನ್ನು ಒಪ್ಪಿಸಿದಳು. ಸೋಮವಾರ ಶ್ರೀಪಾಲ ನಮ್ಮೆಲ್ಲರ ಮುಂದೆ ನಿಂತರು, ಎಲ್ಲ ಹೇಳಿದರು. ಯಾರೂ ನಗಲಿಲ್ಲ. ಅವರು ಕೂತ ಮೇಲೆ ಮಾರಾಟ ವಿಭಾಗದ ಸೀತವ್ವ ಎದ್ದಳು.

"ನನಗೂ ಇವತ್ತ ಮುಂಜಾನೆ ಫೋನ್ ಬಂದಿತ್ರಿ. ನಾನೂ ಪಾಸ್‌ವರ್ಡ್ ಹೇಳಿಬಿಟ್ಟೇನ್ರಿ."

ಕಾಂಚನ ಓಡಿದಳು. ಸೀತವ್ವನ ಹೆಸರಿನಲ್ಲಿ ಯಾರೋ ಆಗಲೇ ಕಂಪ್ಯೂಟರಿನೊಳಗೆ ಬಂದಿದ್ದರು, ಇನ್ನೂ ಏನೂ ಕೆಡಿಸಿರಲಿಲ್ಲ. ಅವರನ್ನು ಹೊರಗೆ ಹಾಕಿ, ಪಾಸ್‌ವರ್ಡ್ ಬದಲಿಸಿ ಏದುಸಿರು ಬಿಡುತ್ತ ಬಂದವಳು ನೇರ ಬಾಬಾಸಾಹೇಬರ ಮುಂದೆ ನಿಂತಳು.

"ಶ್ರೀಪಾಲ ಕಾಕಾರನ್ನ ನೀವು ಅವತ್ತ ತಗದಿದ್ರ, ಸೀತವ್ವ ಇವತ್ತ ಬಾಯಿ ಬಿಡ್ತಿದ್ಲೇನ್ರಿ?"

ಬಾಬಾಸಾಹೇಬರು ಬಾಯಿ ತೆರೆಯುವ ಮೊದಲೇ ಸೀತವ್ವ ಹೇಳಿದಳು:

"ಇಲ್ರಿ. ಖರೇ ಹೇಳ್ತೇನಿ, ಮುಚ್ಚಿಡ್ತಿದ್ದೆ."

ಆ ಪತ್ರಕ್ಕೆ ಸಹಿ ಬೀಳಲಿಲ್ಲ.