ಮುರಿದ ತೊಟ್ಟಿಲುಗಳ ಮೂಟೆ

2004ರ ಡಿಸೆಂಬರಿನಲ್ಲಿ ನನ್ನ ಅಪ್ಪ ಒಂದು ತೊಟ್ಟಿಲಿಗೆ ಒಂಬತ್ತು ಕಾಲು ಕೆತ್ತಿಟ್ಟರು. ಬೇಕಾದದ್ದು ನಾಲ್ಕು. "ಇದೆಂತ ಅಪ್ಪ, ಜೇಡಕ್ಕೂ ಎಂಟೇ ಕಾಲಲ್ವಾ?" ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ಆಮೇಲೆ ಆ ಕಾಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಯಾಕೆ ಮಾಡಿದ್ದು ಎಂಬುದೇ ತಿಳಿಯದವರಂತೆ ನೋಡುತ್ತ ಕುಳಿತರು. ಎಲ್ಲದಕ್ಕೂ ದಿನಾಂಕ ಹಾಕಿ ಬರೆದಿಡುವ ಚಾಳಿ ನನಗೆ. ಅಂದು ಡೈರಿಯಲ್ಲಿ 'ಅಪ್ಪ, ಒಂಬತ್ತು ಕಾಲು' ಎಂದಷ್ಟೇ ಬರೆದೆ.

ಅಪ್ಪ ತಿರುವನಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕನ್ನಡ ಅನುವಾದಕರಾಗಿದ್ದರು. ನಮ್ಮ ಕಾಸರಗೋಡು ಕಡೆಯಿಂದ ಕನ್ನಡದಲ್ಲಿ ಬರುವ ಅರ್ಜಿಗಳನ್ನು ಮಲಯಾಳಕ್ಕೆ ತಿರುಗಿಸುವ ಕೆಲಸ. ಸಂಜೆ ಬಂದು ಚಾ ಕುಡಿದರೆ ಸೀದಾ ಬಾಡಿಗೆ ಮನೆಯ ಹಿಂದಿನ ತಗಡಿನ ಶೆಡ್ಡಿಗೆ. ಅಲ್ಲಿ ಹಲಸಿನ ಮರದ ಪುಟ್ಟ ತೊಟ್ಟಿಲುಗಳನ್ನು ಮಾಡುತ್ತಿದ್ದರು, ಒಂದು ಮೊಳ ಉದ್ದದವು. ಮಕ್ಕಳಾಗದವರು ಕೃಷ್ಣನಿಗೆ ತೊಟ್ಟಿಲು ಒಪ್ಪಿಸುತ್ತೇವೆಂದು ಹರಕೆ ಹೊರುತ್ತಾರಲ್ಲ, ಅದಕ್ಕೆ. ಕೇಳಿದವರಿಗೆಲ್ಲ ಸುಮ್ಮನೆ ಕೊಡುತ್ತಿದ್ದರು. ದೇವರ ತೊಟ್ಟಿಲಿನಲ್ಲಿ ಕಬ್ಬಿಣ ಇರಬಾರದು ಎಂಬುದು ಅವರ ಹಟ. ಒಂದು ಮೊಳೆಯೂ ಇಲ್ಲದೆ, ಎಲ್ಲ ಜೋಡಣೆಯೂ ಬಿದಿರಿನ ಬೆಣೆಯಲ್ಲೇ. ನಿವೃತ್ತಿಯಾದ ಮೇಲೆ ಬೆಳಿಗ್ಗೆಯೂ ಶೆಡ್ಡು, ಸಂಜೆಯೂ ಶೆಡ್ಡು.

2005ರ ಮಾರ್ಚಿನಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿ ಅಲ್ಜೈಮರ್ಸ್ ಎಂದರು. ಅಪ್ಪನಿಗೆ ಆಗಿನ್ನೂ ಅರುವತ್ತು ತುಂಬಿರಲಿಲ್ಲ. "ಗುಣ ಮಾಡುವ ಔಷಧಿ ಇಲ್ಲ ಮೋಳೇ, ನಿಧಾನ ಮಾಡಬಹುದು ಅಷ್ಟೇ," ಎಂದರು ಡಾಕ್ಟರು, ಮಲಯಾಳದಲ್ಲಿ ನನ್ನನ್ನು ಮಗಳೇ ಎಂದು ಕರೆದು. ಅದೇ ತಿಂಗಳು ಉಳಿ ಜಾರಿ ಅಪ್ಪನ ಎಡಗೈ ಸೀಳಿತು, ಹೊಲಿಗೆ ಬಿತ್ತು. ಹರಿತವಾದದ್ದು ಏನೂ ಕೈಗೆ ಸಿಗದಂತೆ ನೋಡಿಕೊಳ್ಳಿ ಎಂದರು.

ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆ ನಡೆಸುತ್ತಿದ್ದವರು ಅಪ್ಪನ ಅಕ್ಕ, ನನ್ನ ದೊಡ್ಡತ್ತೆ. ಅವರು ಊರಿಗೆ ಹೋಗಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಬಂದರು. ಬಂದವರೇ, "ಬ್ರಾಹ್ಮಣನಾಗಿ ಹುಟ್ಟಿ ಆಚಾರಿಯ ಉಳಿ ಹಿಡಿದರೆ ಇನ್ನೆಂತ ಆಗ್ತದೆ? ಅದೂ ಸಾಲು ಸಾಲು ಖಾಲಿ ತೊಟ್ಟಿಲು! ಖಾಲಿ ತೊಟ್ಟಿಲು ಮನೆಗೆ ಒಳ್ಳೆಯದಾ?" ಎಂದರು. ನಾನು ಆಗ ಎರ್ನಾಕುಳಂನಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ. ಒಂದು ಶನಿವಾರ ರೈಲು ಇಳಿದು ಮನೆಗೆ ಬಂದರೆ ಶೆಡ್ಡು ಖಾಲಿ. ಹತ್ತರಿ, ಉಳಿ, ಗರಗಸ ಎಲ್ಲವನ್ನೂ ಅತ್ತೆ ಬೀದಿಯ ಬಡಗಿಗೆ ಕೊಟ್ಟುಬಿಟ್ಟಿದ್ದರು.

"ನಿನ್ನ ಅಪ್ಪನ ಕೈ ಉಳಿಸಿದ್ದೇನೆ ಶೈಲಾ, ಕಣ್ಣು ಬಿಡಬೇಡ," ಎಂದರು.

ಕೈಯ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಸರಿಯಾಗಿ ಜಗಳವಾಡಲೂ ಆಗಲಿಲ್ಲ.

ಆ ಜೂನಿನಲ್ಲಿ ಇಬ್ಬರನ್ನೂ ಎರ್ನಾಕುಳಂ ಪಕ್ಕದ ತ್ರಿಪ್ಪುಣಿತ್ತುರಕ್ಕೆ ಕರೆತಂದೆ. ಅಲ್ಲಿ ಅಪ್ಪ ಮೊದಲು ಮಲಯಾಳ ಮರೆತರು. ಮೂವತ್ತು ವರ್ಷ ಅನ್ನ ಹಾಕಿದ ಭಾಷೆ. ಪಕ್ಕದ ಮನೆಯ ಮಲಯಾಳಿ ಅಕ್ಕ "ಸಾರೇ, ಸುಖಮಾಣೋ?" ಎಂದು ಕ್ಷೇಮ ವಿಚಾರಿಸಿದರೆ ಅಪ್ಪ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಶುರುವಾಯಿತು ತಡಕಾಟ. ಮಂಚದ ಸಂದು, ಬಾಗಿಲಿನ ಚೌಕಟ್ಟು, ಕುರ್ಚಿಯ ಕಾಲು ಎಲ್ಲವನ್ನೂ ಉಗುರಿನಿಂದ ಕೆರೆಯುವುದು. ಉಗುರಿನಲ್ಲಿ ರಕ್ತ ಬಂದರೂ ಬಿಡುತ್ತಿರಲಿಲ್ಲ. ಅದೂ ಸಾಕಾದಾಗ ಗೇಟು ತೆರೆದು ನಡೆದುಬಿಡುವುದು. ಒಮ್ಮೆ ರೈಲು ಹಳಿಯ ಬದಿಯಲ್ಲಿ ಸಿಕ್ಕಿದರು. ಕರೆತಂದವರು, "ಮನೆಯಲ್ಲಿ ಯಾರೂ ಇಲ್ವಾ?" ಎಂದು ನನಗೇ ಬೈದರು.

ನಾನು ದಿನವೂ ಡೈರಿಯಲ್ಲಿ ಎರಡು ಕಾಲಂ ಹಾಕುತ್ತಿದ್ದೆ: ಅಪ್ಪ ನನ್ನನ್ನು ಗುರುತಿಸಿದರು, ಗುರುತಿಸಲಿಲ್ಲ. 2006 ಮುಗಿಯುವಾಗ ಮೊದಲನೆಯ ಕಾಲಂ ಹೆಚ್ಚುಕಡಿಮೆ ಖಾಲಿ.

ದೇವರನ್ನು ಬೇಡದೆ ಇರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ದೇವಸ್ಥಾನ, ಏಕಾದಶಿಗೆ ಉಪವಾಸ. ದೇವಸ್ಥಾನದೆದುರಿನ ಅಂಗಡಿಯಲ್ಲಿ ಹರಕೆಗೆ ಒಪ್ಪಿಸುವ ಬೆಳ್ಳಿಯ ಕೈ, ಕಾಲು, ಕಣ್ಣು ಮಾರುತ್ತಾರೆ. ಅಲ್ಲಿಗೂ ಹೋದೆ.

"ಯಾವ ಭಾಗ ಬೇಕು?" ಎಂದ ಅಂಗಡಿಯವ.

"ನೆನಪು ಹೋಗಿದೆ, ಅದಕ್ಕೆ."

"ನೆನಪಿಗೆ ಅಚ್ಚಿಲ್ಲ ಮೋಳೇ. ತಲೆ ತಗೊಳ್ಳಿ. ತಲೆನೋವಿಗೂ ಅದೇ, ಹುಚ್ಚಿಗೂ ಅದೇ, ಪರೀಕ್ಷೆಗೂ ಅದೇ."

ತಲೆ ತೆಗೆದುಕೊಂಡು ಒಪ್ಪಿಸಿದೆ. ಆ ವಾರ ಅಪ್ಪ ನನ್ನನ್ನು 'ನೀವು' ಎಂದು ಕರೆಯತೊಡಗಿದರು.

ಇದನ್ನು ಓದುವ ಬಂಧುಗಳಲ್ಲಿ ಒಂದು ಮಾತು ಮುಚ್ಚಿಡಲಾರೆ. ಭಕ್ತರ ಅನುಭವ ಅಚ್ಚಾಗುವ ಇಂಥ ಪತ್ರಿಕೆಯ ಪುಟಗಳಲ್ಲಿ ಬೇರೆಯವರ ಅನುಭವಗಳನ್ನು ಆ ವರ್ಷ ತುಂಬಾ ಓದಿದೆ. ಗಡ್ಡೆ ಕರಗಿತು, ನಡೆಯಲಾಗದವರು ನಡೆದರು ಎಂದು ಓದುವಾಗ ನನಗೆ ಭಕ್ತಿ ಬರುತ್ತಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಅತ್ತೆ ಹೇಳಿಯೇಬಿಟ್ಟರು. "ನನ್ನಿಂದ ಇನ್ನು ಆಗ್ಲಿಕ್ಕಿಲ್ಲ. ಹಿಡಿಯಲು ಹೋದರೆ ದೂಡುತ್ತಾನೆ. ಕಳಮಶ್ಶೇರಿಯಲ್ಲಿ ಇಂಥವರನ್ನು ಇಟ್ಟುಕೊಳ್ಳುವ ಜಾಗ ಉಂಟಂತೆ." ನಾನೇ ಹೋಗಿ ನೋಡಿ ಬಂದೆ. ಸ್ವಚ್ಛವಾಗಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ. ಫೆಬ್ರವರಿಯಲ್ಲಿ ತಿರುವನಂತಪುರದ ಡಾಕ್ಟರಿಗೆ ಇನ್ನೊಮ್ಮೆ ತೋರಿಸಿ, ಮಾರ್ಚ್ ಒಂದಕ್ಕೆ ಸೇರಿಸುವುದೆಂದು ಮಾತಾಯಿತು.

2007ರ ಫೆಬ್ರವರಿ 12, ಸೋಮವಾರ. ಸೂಪರ್‌ಫಾಸ್ಟ್ ಬಸ್ಸಿನಲ್ಲಿ ಅಪ್ಪನನ್ನು ಕಿಟಕಿಯ ಬದಿಗೆ ಕೂರಿಸಿ ಕರೆದುಕೊಂಡು ಹೋದೆ. ಆಲಪ್ಪುಳದವರೆಗೂ ಎದುರಿನ ಸೀಟಿನ ರೆಕ್ಸಿನ್ ಕೆರೆಯುತ್ತಿದ್ದರು. ಕಂಡಕ್ಟರ್ ಎರಡು ಸಲ ಗದರಿಸಿದ. ಡಾಕ್ಟರು ನೋಡಿದರು, ಮಾತ್ರೆ ಹೆಚ್ಚಿಸಿದರು, ಅಷ್ಟೇ. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮ ಹಳೆಯ ಬೀದಿಯ ಕೃಷ್ಣನ ಗುಡಿಗೆ ಹೋದೆ. ಅಪ್ಪನ ತೊಟ್ಟಿಲುಗಳಲ್ಲಿ ಹೆಚ್ಚಿನವು ಹರಕೆಯಾಗಿ ಸಂದದ್ದು ಅಲ್ಲಿಗೇ. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ ದೇವರ ಬಾಗಿಲೆದುರು ನಿಂತೆ. ಕೈ ಮುಗಿಯಲು ಮನಸ್ಸಾಗಲಿಲ್ಲ.

"ಎಷ್ಟು ಜನರ ಮನೆ ತುಂಬಿಸಿದಿ, ಇವರ ಕೈಯ ತೊಟ್ಟಿಲು ಇಸಿದುಕೊಂಡು," ಎಂದೆ, ಗಟ್ಟಿಯಾಗಿಯೇ. "ಇವರಿಗೆ ಮಗಳ ಹೆಸರು ನೆನಪಿಟ್ಟುಕೊಳ್ಳುವಷ್ಟೂ ಉಳಿಸಲಿಲ್ಲ. ನಿನಗೆ ನಾಚಿಕೆ ಇಲ್ಲ."

ಗರ್ಭಗುಡಿಯಿಂದ ಅರ್ಚಕರು ಇಣುಕಿದರು. ಊರವರು ಅವರನ್ನು ಪೋತ್ತಿ ಎನ್ನುತ್ತಾರೆ, ನಮಗೆ ಭಟ್ಟರು. ಮಂಜೇಶ್ವರದ ಕಡೆಯವರು.

"ಎಂತ ಮಾರಾಯ್ತಿ, ದೇವರ ಹತ್ತಿರ ಜಗಳವಾ? ಮಲಯಾಳದಲ್ಲಿ ಬೈ. ಈ ಕೃಷ್ಣನಿಗೆ ಕನ್ನಡ ಬರುವುದಿಲ್ಲ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಜಗಲಿಯಲ್ಲಿದ್ದ ಅಪ್ಪನನ್ನು ನೋಡಿ ಭಟ್ಟರ ಮುಖ ಇಳಿಯಿತು. "ಇವರಾ? ಅಯ್ಯೋ," ಎಂದರು. ಹೊರಗೆ ಬಂದು, "ನೀನು ಬಂದದ್ದು ಒಳ್ಳೆಯದಾಯಿತು. ಉಗ್ರಾಣ ಖಾಲಿ ಮಾಡಬೇಕು ಅಂತ ಕಮಿಟಿಯವರು ಹೇಳಿದ್ದಾರೆ. ಇವರ ತೊಟ್ಟಿಲು ಮುರಿದದ್ದು ರಾಶಿ ಉಂಟು. ನಾಳೆ ಪಾಯಸದ ಒಲೆಗೆ ಹಾಕುತ್ತಾರೆ. ಬೇಕಾ?"

ಆ ಗುಡಿಯಲ್ಲಿ ಹರಕೆಯ ತೊಟ್ಟಿಲನ್ನು ದೇವರ ಮುಂದಿಟ್ಟು ಮತ್ತೆ ಒಳಗಿಡುತ್ತಾರೆ. ಹೊಸ ತೊಟ್ಟಿಲು ತಾರದವರು ರಶೀದಿ ಮಾಡಿಸಿ ಅದನ್ನೇ ಎತ್ತಿ ಒಪ್ಪಿಸುತ್ತಾರೆ. ಹಾಗೆ ಎತ್ತಿ ಇಳಿಸಿ, ಒಂದರ ಮೇಲೊಂದು ಬಿಸಾಡಿ, ಬೆಣೆಗಳು ಸಡಿಲಾಗಿ ಎಲ್ಲ ಕೈಕಾಲು ಕಳಚಿ ಬಿದ್ದಿದ್ದವು. ಬೇಕೆಂದು ಯೋಚಿಸಿ ತಂದದ್ದಲ್ಲ. ಸುಡುವುದು ಬೇಡ ಎಂಬ ಸಿಟ್ಟಿಗೆ ತಂದೆ. ಅಕ್ಕಿಯ ಗೋಣಿಯಲ್ಲಿ ತುಂಬಿ ಕಟ್ಟಿ, ಬಸ್ಸಿನಲ್ಲಿ ಅದಕ್ಕೂ ಅರ್ಧ ಟಿಕೆಟ್ ಕೊಟ್ಟು ತಂದೆ.

ಅತ್ತೆ ಬಾಗಿಲಲ್ಲೇ ತಡೆದರು. "ಹೋದ ಮಾರಿಯನ್ನು ಬಾಡಿಗೆ ಕೊಟ್ಟು ಕರೆತಂದೆಯಾ?" ಗೋಣಿಯನ್ನು ಮನೆಯೆದುರಿನ ಸಿಟ್‌ಔಟಿನ ಮೂಲೆಯಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದಾಗ ಅಪ್ಪ ಹಾಸಿಗೆಯಲ್ಲಿರಲಿಲ್ಲ. ಮತ್ತೆ ಗೇಟು ದಾಟಿದರೆಂದು ಓಡಿದೆ. ಸಿಟ್‌ಔಟಿನ ನೆಲದಲ್ಲಿ ಕುಳಿತಿದ್ದರು. ಗೋಣಿಯ ಬಾಯಿ ಬಿಚ್ಚಿತ್ತು. ಮಡಿಲಲ್ಲಿ ಮೂರು ಕಾಲಿನ ಒಂದು ತೊಟ್ಟಿಲು. ಇಲ್ಲದ ನಾಲ್ಕನೆಯ ಕಾಲಿಗಾಗಿ ಗೋಣಿಯಿಂದ ಒಂದೊಂದೇ ತುಂಡು ತೆಗೆದು ರಂಧ್ರಕ್ಕೆ ಹಿಡಿದು ನೋಡುತ್ತಿದ್ದರು. ಇದಲ್ಲ, ಬದಿಗೆ. ಇದೂ ಅಲ್ಲ, ಬದಿಗೆ. ಸರಿಯಾದದ್ದು ಸಿಕ್ಕಿದಾಗ ಅಂಗೈಯಿಂದ ಗುದ್ದಿ ಕೂರಿಸಿದರು. ಆಮೇಲೆ ನನ್ನತ್ತ ತಿರುಗಿ, "ಬೆಣೆ ಬೇಕಿತ್ತಲ್ಲ, ಮೇಡಂ," ಎಂದರು.

ಎರಡು ವರ್ಷಗಳಲ್ಲಿ ಅವರು ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

ಆಮೇಲೆ ಯೋಚಿಸಿದಾಗ ನನಗೆ ಅರ್ಥವಾಯಿತು. ಮೊದಲಿನಿಂದ ತೊಟ್ಟಿಲು ಮಾಡಬೇಕಾದರೆ ಇಡೀ ತೊಟ್ಟಿಲು ತಲೆಯಲ್ಲಿರಬೇಕು. ಅಪ್ಪನಿಗೆ ಅದು ಉಳಿಯುತ್ತಿರಲಿಲ್ಲ. ಅದಕ್ಕೇ ಒಂಬತ್ತು ಕಾಲು. ಮುರಿದ ತೊಟ್ಟಿಲಿಗೆ ಹಾಗಲ್ಲ. ಏನು ಇಲ್ಲ ಎಂಬುದನ್ನು ಅದೇ ತೋರಿಸುತ್ತದೆ, ನೆನಪಿಟ್ಟುಕೊಳ್ಳುವುದು ಏನೂ ಇಲ್ಲ. ಫೋನಿನಲ್ಲಿ ಡಾಕ್ಟರಿಗೆ ಹೇಳಿದಾಗ, "ಉಳಿ ಕೊಡಬೇಡ. ಉಳಿದದ್ದೆಲ್ಲ ಕೊಡು," ಎಂದರು. ಬಿದಿರಿನ ಬೆಣೆಗಳನ್ನು ನಾನೇ ಕುಯ್ದು ಡಬ್ಬಿಯಲ್ಲಿ ತುಂಬಿಟ್ಟೆ. ಮರದ ಸುತ್ತಿಗೆ, ಉಪ್ಪುಕಾಗದ ತಂದೆ. ಉಗುರಿನ ಗಾಯ ಒಣಗಿತು. ಗೇಟು ತೆರೆದಿದ್ದರೂ ಹೋಗಲಿಲ್ಲ. ಊಟಕ್ಕೆ ಕರೆದರೆ "ಇದೊಂದು ಮುಗಿಸಿ" ಎನ್ನುತ್ತಿದ್ದರು, ಶೆಡ್ಡಿನಿಂದ ಎನ್ನುತ್ತಿದ್ದ ಹಾಗೆಯೇ. ಮಾರ್ಚ್ ಒಂದು ಬಂತು, ಹೋಯಿತು. ಕಳಮಶ್ಶೇರಿಯ ವಿಷಯ ಅತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನನ್ನು ಮಾತ್ರ ಗುರುತಿಸಲಿಲ್ಲ. ನಾನು ದೇವಸ್ಥಾನದ ಆಫೀಸಿನವಳು, ಕೆಲಸ ತಂದುಕೊಡುವವಳು ಎಂದು ಅವರ ಲೆಕ್ಕ. ಒಮ್ಮೆ ಒಂದು ತೊಟ್ಟಿಲನ್ನು ತಿರುಗಿಸಿ ನೋಡಿ, "ಇದು ಮಾಡಿದವ ಯಾರೋ ಕೆಲಸ ಬಲ್ಲವನೇ. ಆದರೆ ಅವಸರ ಜಾಸ್ತಿ. ಸಂಜೆ ಹೊತ್ತು ಮಾಡಿದ್ದಿರಬೇಕು," ಎಂದರು. 'ಮಾಡಿದವರು ನೀವೇ, ಅಪ್ಪ' ಎನ್ನಲು ಬಾಯಿ ತೆರೆದೆ. ಅವರು ಆಗಲೇ ಬೆಣೆ ಆರಿಸುತ್ತಿದ್ದರು. ಅಂದು ಡೈರಿಯ ಆ ಎರಡು ಕಾಲಂಗಳನ್ನು ಬಿಟ್ಟುಬಿಟ್ಟೆ.

ಓಣಂ ಹೊತ್ತಿಗೆ ಗೋಣಿ ಮುಗಿಯಿತು. ನಾಲ್ಕೇ ದಿನದಲ್ಲಿ ಅಪ್ಪ ಮತ್ತೆ ಮಂಚ ಕೆರೆದರು. ಬದಲಿಗೆ ಇನ್ನಷ್ಟು ಮುರಿದವು ಸಿಗಬಹುದೆಂದು, ದುರಸ್ತಿಯಾದವುಗಳಲ್ಲಿ ಒಂದಷ್ಟನ್ನು ಎತ್ತಿಕೊಂಡು ಭಟ್ಟರಲ್ಲಿಗೆ ಓಡಿದೆ. ಅವರ ಉಗ್ರಾಣದಲ್ಲಿ ಮುರಿದದ್ದು ಒಂದೂ ಇರಲಿಲ್ಲ.

"ಭಟ್ಟರೇ, ನಾನೇ ಮುರಿದರೆ ಪಾಪವಾ?" ಎಂದು ಕೇಳಿದೆ. "ದೇವರಿಗೆ ಸಂದ ತೊಟ್ಟಿಲು. ಯಾರದೋ ಮಗುವಿನದು."

ಅವರು ತುಳಸಿ ಬಿಡಿಸುತ್ತಿದ್ದರು. "ಅವನಿಗೆ ಸಂದದ್ದು ಅಂದೇ ಸಂದಾಯಿತು. ಆಮೇಲೆ ಉಳಿದದ್ದು ಮರ. ಮರ ಮುರಿದರೆ ಎಂತ ಪಾಪ? ತೆಂಗಿನಕಾಯಿ ಒಡೆದು ಅರ್ಧ ಮನೆಗೆ ಒಯ್ದು ಚಟ್ನಿ ಮಾಡುವುದಿಲ್ವಾ?" ಎಂದರು. ತಂದ ತೊಟ್ಟಿಲುಗಳನ್ನು ನನ್ನ ಕಡೆಗೇ ದೂಡಿದರು. "ತೆಕ್ಕೊಂಡು ಹೋಗು. ನಿಮಗೇ ಪ್ರಸಾದ."

ಅಂದಿನಿಂದ ಅದೇ ನನ್ನ ಪೂಜೆ. ಬೆಳಿಗ್ಗೆ ಸ್ನಾನ ಮಾಡಿ, ಅಡುಗೆಮನೆಯ ನೆಲದಲ್ಲಿ ಕುಳಿತು, ನಿನ್ನೆ ಅಪ್ಪ ಕೂರಿಸಿದ ಬೆಣೆಗಳನ್ನು ಕಿತ್ತು, ಕಾಲು ಕಳಚಿ, ಒಂದು ತುಂಡನ್ನು ಬೇರೆಯದರ ಜೊತೆ ಬೆರೆಸಿಡುತ್ತೇನೆ. ಅತ್ತೆಗೆ ಅದನ್ನು ನೋಡಲಾಗುವುದಿಲ್ಲ, ಆ ಹೊತ್ತಿಗೆ ಅವರು ಹೂ ಕೊಯ್ಯಲು ಹೋಗುತ್ತಾರೆ. ಅಪ್ಪ ಕಷ್ಟಪಟ್ಟು ಬಿಗಿದದ್ದನ್ನು ಸಡಿಲಿಸಲು ನನಗೆ ಕೆಲವೊಮ್ಮೆ ಹಲ್ಲು ಕಚ್ಚಬೇಕಾಗುತ್ತದೆ. ಅಷ್ಟು ಗಟ್ಟಿ ಅವರ ಕೈ.

ಕೃಷ್ಣಾ, ನಾನು ಕೇಳಿದ್ದನ್ನು ನೀನು ಕೊಡಲಿಲ್ಲ. ಕೊಡುತ್ತೀಯೆಂದು ಈಗ ಕೇಳುವುದೂ ಇಲ್ಲ. ಚಿಲಕದ ಬಾಗಿಲಿನಿಂದ ಅಪ್ಪನನ್ನು ತಪ್ಪಿಸಿದವನು ನೀನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ಸಿಟ್ಟಿನ ಕೈಯಲ್ಲೇ ಆ ಗೋಣಿ ಹೊರಿಸಿದ್ದು ಇನ್ನಾರು? ನನ್ನ ಭಕ್ತಿಯಲ್ಲಿ ಸಿಹಿ ಕಡಿಮೆ, ನಿಜ. ಇರುವುದು ಗಟ್ಟಿಯಾಗಿದೆ.

ಇದನ್ನು ಬರೆಯುತ್ತಿರುವ ಈ ದಿನ, 2008ರ ನವೆಂಬರ್ 9ರಂದು ಬೆಳಿಗ್ಗೆಯೂ, ಬಿಚ್ಚಿದ ತೊಟ್ಟಿಲನ್ನು ಅಪ್ಪನ ಮುಂದಿಟ್ಟೆ. ಅವರು ಎತ್ತಿ ನೋಡಿ ತಲೆಯಾಡಿಸಿದರು.

"ದಿನವೂ ಮುರಿಯುತ್ತಾರಲ್ಲ ಮೇಡಂ. ನಿಮ್ಮ ಊರಿನ ಕೂಸುಗಳು ಭಾರೀ ಪೋಕರಿ."

"ಹೌದು," ಎಂದೆ. "ಒಂದು ಕೂಸು ಉಂಟು. ಹೇಳಿದರೆ ಕೇಳುವುದಿಲ್ಲ."

"ಬೈಬೇಡಿ," ಎಂದರು ಅಪ್ಪ, ಬೆಣೆಗೆ ಕೈ ಚಾಚುತ್ತಾ. "ಇರಲಿ. ನಾನಿದ್ದೇನಲ್ಲ."