ಪಕ್ಕದ ಮನೆ ಮಾವನ ಬೆಸುಗೆ

ಮೊನ್ನೆ ನಂಜನಗೂಡಿನ ಪಾತ್ರೆ ಅಂಗಡಿಯೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ನವಸಾಗರದ ಪುಡಿಯ ಬಿಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಬಂದದ್ದೇನೆಂಬುದೇ ಮರೆತುಹೋಯಿತು. ಗಂಟಲು ಕೆರೆಯುವ ಆ ಘಾಟು ತಿ. ನರಸೀಪುರದ ನಮ್ಮ ಪಕ್ಕದ ಮನೆಯ ಹಿತ್ತಿಲದ್ದು...

ನಾನು ತವರೂರು ಹೆಡತಲೆಯಿಂದ ಮದುವೆಯಾಗಿ ಆ ಬೀದಿಗೆ ಹೋದದ್ದು ತೊಂಬತ್ತರ ದಶಕದಲ್ಲಿ. ಪಕ್ಕದ ಮನೆಯಲ್ಲಿ, ನೀರಿನ ಪೈಪು ಜೋಡಿಸುವ ಕೆಲಸದಿಂದ ನಿವೃತ್ತರಾದವರೊಬ್ಬರಿದ್ದರು. ನಮ್ಮ ವಾರಗೆಯವರೆಲ್ಲ ಅವರನ್ನು ಮಾವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸುತ್ತಮುತ್ತಲ ಮನೆಗಳ ತಾಮ್ರದ ಬಾಯ್ಲರುಗಳಿಗೆ ಹಿತ್ತಾಳೆ ನಲ್ಲಿ ಬೆಸೆಯುವವರು ಅವರೇ. ಬೆಸೆದಾದ ಮೇಲೆ ನೀರು ತುಂಬಿಸಿ, ಸಂದಿಯ ಸುತ್ತ ಒಣ ವಿಭೂತಿ ಬಳಿದು ಕಾಯುತ್ತಾ ಕೂರುತ್ತಿದ್ದರು. ಒಂದು ಹನಿ ಜಿನುಗಿದರೂ ವಿಭೂತಿ ನೆಂದು ಬಣ್ಣ ಕೆಡುತ್ತದೆ. ಬೆಳ್ಳಗೇ ಉಳಿದರೆ ಮಾತ್ರ ಬಾಯ್ಲರು ಅವರ ಹಿತ್ತಿಲು ದಾಟುತ್ತಿತ್ತು. ಅವರ ಬೆಸುಗೆ ಬಿಡುವುದುಂಟೇ ಎಂದು ಬೀದಿಯೇ ಹೇಳುತ್ತಿತ್ತು. ಅವರಿಗಿದ್ದ ಹೆಮ್ಮೆಯೂ ಅದೊಂದೇ.

ಮದುವೆಯಾಗಿ ಎಂಟು ತಿಂಗಳಾಗಿತ್ತು. ನಾದಿನಿ ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ನಮ್ಮತ್ತೆ ಸೋಮನಾಥಪುರದ ನೆಂಟರ ಮನೆಗೆ ಹೊರಟವರು, ಬಾಣಂತಿಗೆ ನೀರು ಕಾಯಿಸು ಎಂದು ಮೂರು ಸಲ ಹೇಳಿ ಹೋದರು. ನನ್ನ ಬುದ್ಧಿಗೆ ಏನು ಬಡಿದಿತ್ತೋ! ಬಾಯ್ಲರು ತೊಳೆಯಲೆಂದು ಹಿಂದಿನ ದಿನ ನಾನೇ ನೀರು ಖಾಲಿ ಮಾಡಿದ್ದೆ. ಮತ್ತೆ ತುಂಬಿಸುವುದನ್ನು ಮರೆತು ಸೌದೆಗೆ ಬೆಂಕಿ ಕೊಟ್ಟೆ. ನೀರಿಲ್ಲದ ಬಾಯ್ಲರು ಕಾದು ಸ್ವಲ್ಪ ಹೊತ್ತಿಗೆ ಬೆಸುಗೆಯ ಸೀಸ ಕರಗಿ ತೊಟ್ಟಿಕ್ಕಿತು, ನಲ್ಲಿ ಕಳಚಿ ಬಚ್ಚಲಿಗೆ ಬಿತ್ತು.

ಆ ಬಾಯ್ಲರು ಅತ್ತೆಯ ತವರಿನದು. ಅವರ ಬಾಯಿಗೆ ಸಿಕ್ಕರೆ ನನ್ನ ಗತಿ ಏನು! ಅಳುತ್ತಾ ಮಾವನನ್ನು ಕರೆದೆ. ಅವರು ಬಾಯ್ಲರು ಆರುವವರೆಗೆ ಕಾದು, ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದರು. ಒಣಗಿತ್ತು. ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಬಾಣಂತಿಗೆ ತಮ್ಮ ಮನೆಯಿಂದಲೇ ಬಿಸಿನೀರು ಕಳಿಸಿದರು. ಆಮೇಲೆ ಬಾಯ್ಲರನ್ನು ಹಿತ್ತಿಲಿಗೆ ಹೊತ್ತೊಯ್ದು, ಉಜ್ಜಿ, ನವಸಾಗರ ಹಾಕಿ, ಸೀಮೆಎಣ್ಣೆಯ ಬ್ಲೋಲ್ಯಾಂಪಿನ ಉರಿಯಲ್ಲಿ ಕಾಯಿಸಿ ಸೀಸದ ಕಡ್ಡಿ ತಾಗಿಸಿದರು. ಸೀಸ ಸಂದಿಯ ಸುತ್ತ ಒಂದೇ ಸಮ ಓಡಿತು. ಎಂದಿನಂತೆ ವಿಭೂತಿ ಬಳಿದು ಕೂತರು.

ಸಂಜೆ ಅತ್ತೆ ಬಂದವರೇ ಹೊಸ ಬೆಸುಗೆ ಕಂಡು ನನ್ನತ್ತ ತಿರುಗಿದರು. ಬಾಯ್ಲರು ಕೂರಿಸಲು ಬಂದಿದ್ದ ಮಾವ ಇನ್ನೂ ಅಲ್ಲೇ ಇದ್ದರು.

"ನಂದೇ ತಪ್ಪು ಕಣವ್ವ. ಆವಾಗ ಸರಿಯಾಗಿ ಬೆಸ್ದಿರ್ನಿಲ್ಲ. ಅದ್ಕೇ ಬುಟ್ಕೊಂತು," ಎಂದರು.

ನಾನು ತುಟಿ ಬಿಚ್ಚಲಿಲ್ಲ. ನಾಚಿಕೆಗೇಡಿ ನಾನು, ಹೋದ ಜೀವ ಬಂದಂತಾಯಿತು.

ಅತ್ತೆ ಸುಮ್ಮನಿರುವವರೇ? ಮಾವನ ಬೆಸುಗೆಯೂ ಬಿಟ್ಟಿತು, ಅದೂ ಮನೆಯಲ್ಲಿ ಬಾಣಂತಿ ಇದ್ದಾಗ ಬಿಟ್ಟಿತು ಎಂದು ಸಿಕ್ಕವರಿಗೆಲ್ಲ ಹೇಳಿದರು. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಕೇಳಿದವರು ಸೇರಿಸಿದರು. ಜನ ಬಾಯ್ಲರುಗಳನ್ನು ಪೇಟೆಯ ಅಂಗಡಿಗೆ ಒಯ್ಯತೊಡಗಿದರು. ಮಾವ ಹಿತ್ತಿಲು ಬಿಟ್ಟು ಜಗಲಿಯ ಮೇಲೆ ಕೂರುವುದು ಹೆಚ್ಚಾಯಿತು. ನನ್ನನ್ನು ಕಂಡರೆ ಮಾತ್ರ ಮೊದಲಿನಂತೆಯೇ ಊಟ ಆಯಿತಾ ಎಂದು ಕೇಳುತ್ತಿದ್ದರು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ವರ್ಷಗಳು ಕಳೆದವು...

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿಯ ಬಳಿ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟೆ. ಹೆಂಡತಿಗಾದರೂ ಅವರು ಹೇಳಿರುತ್ತಾರೆ ಎಂದುಕೊಂಡಿದ್ದೆ.

"ನಂಗೂ ಏಳ್ನಿಲ್ಲ ಕಣವ್ವ," ಎಂದರು ಆಕೆ. "ಕೈ ನಡುಗ್ತದೆ, ಇನ್ನೂ ಮರ್ವಾದೆ ಕಳ್ಕೋಬ್ಯಾಡಿ ಅಂತ ಅವರ ಬೆಸುಗೆ ಸಾಮಾನ್ನೆಲ್ಲ ನಾನೇ ಗುಜ್ರಿಗೆ ಆಕುಸ್ದೆ. ಆಗ್ಲೂ ಬಾಯ್ ಬುಡ್ನಿಲ್ಲ."

ಅವತ್ತೇ ಅತ್ತೆಗೂ ಹೇಳಿದೆ. ಬೈಯಲಿಲ್ಲ. ಎದ್ದು ಪಕ್ಕದ ಮನೆಗೆ ಹೋದರು, ಬಂದ ಮೇಲೆ ಊಟ ಮಾಡಲಿಲ್ಲ.

ಈಗ ಅತ್ತೆಯೂ ಇಲ್ಲ, ಮಾವನ ಹೆಂಡತಿಯೂ ಇಲ್ಲ. ನಾವು ನಂಜನಗೂಡಿಗೆ ಬಂದು ಎಷ್ಟೋ ಕಾಲವಾಯಿತು. ಮಾವನ ಕೈ ಎಂದೂ ನಡುಗಿರಲಿಲ್ಲ. ಅವರು ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಆ ವರ್ಷಗಳಲ್ಲಿ ಬೀದಿಗೆ ಅದನ್ನು ಹೇಳಬಹುದಾಗಿದ್ದವಳು ನಾನೊಬ್ಬಳೇ. ಹೇಳಲಿಲ್ಲ.